ಉಗುರುಬೆಚ್ಚಗಿನ ನೀರು: ಒಂದು ಮೋಟರ್‌ಹೋಮ್ ಹೀಟರ್‌ನ ಪ್ರಕರಣ ಅಧ್ಯಯನ

ಒಂದು ಮೋಟರ್‌ಹೋಮ್‌ನ, ಅಂದರೆ ಒಳಗೇ ವಾಸ ಮಾಡುವಂಥ ಗಾಡಿಯ, ವಾಟರ್ ಹೀಟರ್ ಐದು ವಾರ ಕಾಟ ಕೊಟ್ಟಿತು. ಆ ಐದು ವಾರದಲ್ಲಿ ಎರಡು ಭಾಗ ಬದಲಾದವು, ಮೂರನೆಯದು ಸುಟ್ಟುಹೋಯಿತು, ಕೊನೆಗೆ ಹೊಸ ಹೀಟರ್ ತರೋದು ಅಂತ ತೀರ್ಮಾನವೂ ಆಗಿಹೋಗಿತ್ತು. ಬಿಚ್ಚಿ ನೋಡಿದರೆ ಹೀಟರ್ ಗಟ್ಟಿಮುಟ್ಟಾಗೇ ಇತ್ತು. ಎಲ್ಲೆಲ್ಲಿ ದಾರಿ ತಪ್ಪಿತು, ಎಲ್ಲಿ ಸರಿಹೋಯಿತು ಅಂತ ಬಿಡಿಸಿ ಬರೆಯುತ್ತಿದ್ದೇನೆ. ಇದೇ ಪಾಡಿನಲ್ಲಿ ಇರುವವರು ಇನ್ನೂ ಹಲವರು ಇರುತ್ತಾರೆ ಅಂತ ನನಗೆ ಗೊತ್ತು.

ಗಾಡಿ ಗಂಡ ಹೆಂಡತಿ ಇಬ್ಬರದು. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಹೆಸರು, ಜಾಗ, ಗಾಡಿಯ ಗುರುತು, ಹೀಟರ್ ಯಾವ ಕಂಪನಿಯದು ಅನ್ನೋದೆಲ್ಲ ಬಿಟ್ಟಿದ್ದೇನೆ. ಇಬ್ಬರೂ ನನಗಿಂತ ದೊಡ್ಡವರು, ನಾನು ಅವರನ್ನು ಅಕ್ಕ, ಭಾವ ಅಂತಲೇ ಕರೆಯೋದು. ಇಲ್ಲೂ ಹಾಗೇ ಬರೆಯುತ್ತೇನೆ.

ಹಿನ್ನೆಲೆ

ಗಾಡಿ ಒಂಬತ್ತು ವರ್ಷ ಹಳೆಯದು. ಇವರ ಕೈಗೆ ಬಂದು ಒಂದು ವರ್ಷ ಆಗಿತ್ತು. ಹೀಟರ್ 6 ಗ್ಯಾಲನ್‌ದು, ಅಂದರೆ ಸುಮಾರು 23 ಲೀಟರ್. ಉಕ್ಕಿನ ಟ್ಯಾಂಕ್, ಒಳಗೆ ಗಾಜಿನಂಥ ಲೇಪನ, ತುಕ್ಕು ಹಿಡಿಯದಿರಲಿ ಅಂತ ಒಂದು ಮೆಗ್ನೀಸಿಯಂ ಆನೋಡ್ ರಾಡ್. ನೀರು ಗ್ಯಾಸ್‌ನಲ್ಲೂ ಕಾಯುತ್ತೆ, ಕರೆಂಟಿನಲ್ಲೂ ಕಾಯುತ್ತೆ. ಗ್ಯಾಸ್ ಹೊತ್ತಿಸುವ ಕಂಟ್ರೋಲ್ ಬೋರ್ಡ್ ಗಾಡಿಯ 12 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತೆ. ಕರೆಂಟಿನಲ್ಲಿ ನೀರು ಕಾಯಿಸುವ ಎಲಿಮೆಂಟ್ 1,440 ವ್ಯಾಟ್‌ದು, ಅದಕ್ಕೆ ಹೊರಗಿನಿಂದ 120 ವೋಲ್ಟ್ ಕರೆಂಟ್ ಬೇಕು.

ಹೀಟರ್ ಹಿಂಭಾಗದಲ್ಲಿ, ಮಂಚದ ಕೆಳಗೆ, ಮೂರು ವಾಲ್ವ್ ಇವೆ. ತಣ್ಣೀರು ಟ್ಯಾಂಕ್ ಒಳಗೆ ಹೋಗುವಲ್ಲಿ ಒಂದು, ಬಿಸಿನೀರು ಹೊರಗೆ ಬರುವಲ್ಲಿ ಒಂದು, ಈ ಎರಡೂ ಪೈಪ್‌ಗಳನ್ನು ಅಡ್ಡಕ್ಕೆ ಜೋಡಿಸುವ ಬೈಪಾಸ್ ಒಂದು. ಕೊರೆಯುವ ಚಳಿಗೆ ಮುಂಚೆ ಪೈಪ್‌ಗಳಿಗೆ ಆಂಟಿಫ್ರೀಜ್ (ಚಳಿಗೆ ಹೆಪ್ಪುಗಟ್ಟದ ದ್ರವ) ಹಾಕುವಾಗ, 23 ಲೀಟರ್ ಟ್ಯಾಂಕ್‌ಗೂ ಅದನ್ನು ತುಂಬಿಸಿ ದಂಡ ಮಾಡದೆ ಪಕ್ಕದಿಂದ ದಾಟಿಸೋಕೆ ಈ ಬೈಪಾಸ್.

ಚಳಿಗಾಲಕ್ಕೆ ಮುಂಚೆ ಭಾವ ಗಾಡಿಯ ನೀರನ್ನೆಲ್ಲ ಬಸಿದಿದ್ದರು. ಪೈಪ್‌ನಲ್ಲಿ ನೀರು ಹೆಪ್ಪುಗಟ್ಟಿದರೆ ಪೈಪೇ ಒಡೆಯುತ್ತೆ, ಹಾಗಾಗಿ ಒಳಗಿನ ನಲ್ಲಿ, ಷವರ್, ಹೊರಗಡೆ ಗಾಡಿಯ ಪಕ್ಕದ ಗೋಡೆಯಲ್ಲಿ ಇರುವ ಸಣ್ಣ ಷವರ್, ಎಲ್ಲವನ್ನೂ ತೆರೆದು ಪೂರ್ತಿ ಸೋರಿಸಿದ್ದರು. ತಾಳ್ಮೆಯಿಂದ ಮಾಡಿದ ಕೆಲಸ ಅದು. ಚಳಿ ಮುಗಿದ ಮೇಲೆ ನೀರು ತುಂಬಿ ಹೊರಟರು. ಮೊದಲ ದಿನದಿಂದಲೇ ಬಿಸಿನೀರಿನ ತಕರಾರು ಶುರು.

ತೊಂದರೆ ಏನು

ತೊಂದರೆ ಒಂದಲ್ಲ, ನಾಲ್ಕು. ನಾಲ್ಕೂ ಒಟ್ಟಿಗೆ ಬಂದಿದ್ದರಿಂದ ಒಂದೇ ರೋಗದ ನಾಲ್ಕು ಲಕ್ಷಣ ಅನ್ನಿಸಿತು. ನನ್ನ ಪ್ರಕಾರ ಇಡೀ ಪ್ರಕರಣದ ಬೇರು ಇಲ್ಲೇ ಇದೆ.

ಷವರ್‌ನಲ್ಲಿ ನೀರು ಉಗುರುಬೆಚ್ಚಗೆ ಬರುತ್ತಿತ್ತು, ಎಷ್ಟು ಹೊತ್ತು ಬಿಟ್ಟರೂ ಅಷ್ಟೇ. ಗ್ಯಾಸ್ ಹಾಕಿದರೆ ಟಿಕ್ ಟಿಕ್ ಅಂತ ಕಿಡಿ ಹಾರಿ ಬೆಂಕಿ ಹತ್ತುತ್ತಿತ್ತು, ಕೆಲವೇ ಸೆಕೆಂಡ್ ಉರಿದು ಆರಿಹೋಗುತ್ತಿತ್ತು, ಹೀಗೆ ಮೂರು ಸಲ ಆದ ಮೇಲೆ ಬೋರ್ಡ್ ಕೈಚೆಲ್ಲಿ ಕೆಂಪು ದೀಪ ಹತ್ತಿಸಿ ನಿಲ್ಲುತ್ತಿತ್ತು. ಒಮ್ಮೊಮ್ಮೆ ಏನೂ ತಕರಾರು ಇಲ್ಲದೆ ಅರ್ಧ ಗಂಟೆ ಉರಿಯುತ್ತಿತ್ತು ಕೂಡ. ಹೊರಗಡೆ ರಿಲೀಫ್ ವಾಲ್ವ್ (ಟ್ಯಾಂಕ್ ಒಳಗಿನ ಒತ್ತಡ ಮಿತಿಮೀರಿದರೆ ತೆರೆದುಕೊಳ್ಳುವ ವಾಲ್ವ್) ತೊಟ್ಟಿಕ್ಕಿ ಗಾಡಿಯ ಗೋಡೆ ಮೇಲೆ ಬಿಳಿ ಗೆರೆ ಬಿದ್ದಿತ್ತು. ಜೊತೆಗೆ ಬಿಸಿನೀರಿಗೆ ಕೊಳೆತ ಮೊಟ್ಟೆ ವಾಸನೆ.

ಇಷ್ಟೂ ಕೇಳಿದ ಯಾರಿಗಾದರೂ ಏನನ್ನಿಸುತ್ತೆ? ಹೀಟರ್ ಮುಗೀತು ಅಂತ ಅಲ್ವಾ. ಭಾವನಿಗೂ ಹಾಗೇ ಅನ್ನಿಸಿತು.

ಅವರು ಮಾಡಿ ನೋಡಿದ್ದು

ಮೊದಲು ಕಂಟ್ರೋಲ್ ಬೋರ್ಡ್ ಬದಲಿಸಿದರು. ಬೆಂಕಿ ಆರುತ್ತೆ ಅಂದರೆ ಬೋರ್ಡ್ ಕೆಟ್ಟಿದೆ ಅಂತ ಯಾರೋ ಹೇಳಿದ್ದರು. ಹೊಸ ಬೋರ್ಡ್ ಹಾಕಿದ ಮೇಲೆ ಎರಡು ದಿನ ಗ್ಯಾಸ್ ಚೆನ್ನಾಗಿ ಉರಿಯಿತು. ಮೂರನೇ ದಿನ ಮತ್ತೆ ಅದೇ ಕೆಂಪು ದೀಪ. ಹೊಸ ಬೋರ್ಡೂ ಕೆಟ್ಟಿದ್ದೇ ಬಂದಿದೆ ಅಂದುಕೊಂಡರು.

ಆಮೇಲೆ ರಿಲೀಫ್ ವಾಲ್ವ್. ಟ್ಯಾಂಕ್ ಖಾಲಿ ಮಾಡಿ, ಹಳೇ ವಾಲ್ವ್ ತೆಗೆದು, ಹೊಸದು ಹಾಕಿದರು. ನಾಲ್ಕು ದಿನ ಒಂದು ಹನಿ ಇಲ್ಲ. ಐದನೇ ದಿನ ಮತ್ತೆ ತೊಟ್ಟಿಕ್ಕೋಕೆ ಶುರು.

ಈ ವಾಲ್ವ್ ಹಾಕಿದ ದಿನವೇ ಇನ್ನೊಂದು ಅನಾಹುತ ಆಯಿತು. ಖಾಲಿ ಟ್ಯಾಂಕ್ ತುಂಬಿಸೋಕೆ ಪಂಪ್ ಹಾಕಿ, ಬಚ್ಚಲಿನ ಬಿಸಿನೀರಿನ ನಲ್ಲಿ ತೆರೆದು ನೋಡಿದರು. ನಲ್ಲಿಯಲ್ಲಿ ಗಾಳಿ ಬುಸುಗುಡೋದು ನಿಂತು ನೀರು ಒಂದೇ ಸಮ ಬಂದರೆ ಟ್ಯಾಂಕ್ ತುಂಬಿದೆ ಅಂತ ಅರ್ಥ. ಕ್ರಮ ಸರಿಯಾದದ್ದೇ. ಅರ್ಧ ನಿಮಿಷದಲ್ಲೇ ನೀರು ಒಂದೇ ಸಮ ಬಂತು. ಭಾವ ನಿಶ್ಚಿಂತೆಯಿಂದ ಎಲಿಮೆಂಟ್ ಸ್ವಿಚ್ ಹಾಕಿದರು. ಎಲಿಮೆಂಟ್ ಅವತ್ತೇ ಹೋಯಿತು. ನೀರಿನಲ್ಲಿ ಮುಳುಗಿರದ ಎಲಿಮೆಂಟ್‌ಗೆ ಕರೆಂಟ್ ಕೊಟ್ಟರೆ ಸುಡೋಕೆ ಜಾಸ್ತಿ ಹೊತ್ತು ಬೇಡ. ಆದರೆ ನೀರು ಬಂದಿತ್ತಲ್ಲ, ಹಾಗಿದ್ದ ಮೇಲೆ ಯಾಕೆ ಸುಟ್ಟಿತು? ಈ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರಲಿಲ್ಲ. ಫೋನಿನಲ್ಲಿ ಕೇಳಿದಾಗ ನನ್ನ ಹತ್ತಿರವೂ ಇರಲಿಲ್ಲ.

ಇಷ್ಟರಲ್ಲಿ ಅಕ್ಕನಿಗೂ ಸಾಕಾಗಿತ್ತು. ಹೊಸ ಹೀಟರ್ ತರೋದೇ ಸರಿ ಅಂತ ಇಬ್ಬರೂ ನಿರ್ಧರಿಸಿದರು. ಅದು ಬರೋವರೆಗೆ ರಿಲೀಫ್ ವಾಲ್ವ್ ಬಾಯಿಗೆ ಒಂದು ಬಿರಡೆ ಹಾಕಿ ತಿರುಗಿಸಿಬಿಡಲಾ ಅಂತ ಕೇಳೋಕೆ ಭಾವ ನನಗೆ ಫೋನ್ ಮಾಡಿದ್ದರು.

ಅದನ್ನು ಮಾತ್ರ ಮಾಡಬೇಡಿ ಅಂದೆ, ಸ್ವಲ್ಪ ಜೋರಾಗೇ ಅಂದೆ. ಒಳಗಿನ ಒತ್ತಡ 150 ಪಿಎಸ್‌ಐ (ಚದರ ಇಂಚಿಗೆ 150 ಪೌಂಡ್) ದಾಟಿದರೆ, ಇಲ್ಲವೇ ನೀರು 99 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತೆರೆದುಕೊಳ್ಳುವ ವಾಲ್ವ್ ಅದು. ಥರ್ಮೋಸ್ಟಾಟ್ ಕೈಕೊಟ್ಟು, ಅತಿಶಾಖ ತಡೆಯುವ ಸ್ವಿಚ್ ಕೂಡ ಕೈಕೊಟ್ಟರೆ, ಟ್ಯಾಂಕ್ ಸಿಡಿಯದ ಹಾಗೆ ಕಾಯೋಕೆ ಉಳಿಯೋದು ಅದೊಂದೇ. ಮನುಷ್ಯರು ಮಲಗುವ ಮಂಚದ ಕೆಳಗೇ ಇರುವ ಟ್ಯಾಂಕ್ ಅದು. ಸೋರಿದರೆ ಸೋರಲಿ, ಬಿರಡೆ ಬೇಡ.

ಫೋನಿನಲ್ಲಿ ಕೇಳಿದ ಒಂದು ಪ್ರಶ್ನೆ

ಆಮೇಲೆ ಕೇಳಿದೆ: "ಭಾವ, ನೀರು ಕಾಯ್ತಾನೇ ಇಲ್ಲವಾ, ಇಲ್ಲಾ ಕಾದ ನೀರು ನಲ್ಲಿಗೆ ಬರ್ತಿಲ್ಲವಾ?"

"ಎರಡೂ ಒಂದೇ ಅಲ್ವೇನೋ?" ಅಂದರು.

ಒಂದೇ ಅಲ್ಲ. ಐದು ವಾರದಲ್ಲಿ ಯಾರೂ ಈ ಎರಡನ್ನು ಬೇರೆ ಮಾಡಿ ನೋಡಿರಲಿಲ್ಲ. ಮುಂದಿನ ಸಲ ಗ್ಯಾಸ್ ಅರ್ಧ ಗಂಟೆ ನಿಂತು ಉರಿದರೆ, ಷವರ್ ಬಿಟ್ಟು ನೋಡೋಕೆ ಮುಂಚೆ ಮಂಚದ ಹಲಗೆ ಎತ್ತಿ, ಟ್ಯಾಂಕ್‌ನಿಂದ ಬಿಸಿನೀರು ಹೊರಬರುವ ಪೈಪ್‌ಗೆ ಕೈಯ ಹಿಂಭಾಗ ತಾಗಿಸಿ ನೋಡಿ, ಹುಷಾರು, ಒತ್ತಿ ಹಿಡಿಯಬೇಡಿ ಅಂತ ಹೇಳಿದೆ. ಅವತ್ತು ರಾತ್ರಿಯೇ ಫೋನ್ ಬಂತು. "ಕೈ ಇಡೋಕಾಗಲ್ಲ ಕಣೋ, ಅಷ್ಟು ಬಿಸಿ. ಷವರ್‌ನಲ್ಲಿ ಮಾತ್ರ ಅದೇ ಉಗುರುಬೆಚ್ಚಗೆ."

ಅಂದರೆ ಬೆಂಕಿ ನಿಂತಾಗ ಹೀಟರ್ ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು. ಕಾದ ನೀರು ದಾರಿಯಲ್ಲಿ ಎಲ್ಲೋ ತಣ್ಣೀರಿನ ಜೊತೆ ಬೆರೆಯುತ್ತಿತ್ತು. ಒಂದು ತೊಂದರೆ ಅಂದುಕೊಂಡಿದ್ದು ಅಲ್ಲಿಗೆ ಎರಡಾಯಿತು. ಹೊಸ ಹೀಟರ್ ತರೋದನ್ನು ಒಂದು ವಾರ ಮುಂದೂಡಿ, ನಾನೇ ಬರುತ್ತೇನೆ ಅಂದೆ.

ಬೆರೆಯುತ್ತಿರುವ ಜಾಗ

ಹೋದ ತಕ್ಷಣ ಗ್ಯಾಸ್ ಮುಟ್ಟಲಿಲ್ಲ. ಮೊದಲು ನೀರಿನ ದಾರಿ ಹಿಡಿದೆ. ಪರೀಕ್ಷೆ ಸುಲಭ. ಹೀಟರ್ ಹಿಂದಿನ ಒಳಹೋಗುವ ವಾಲ್ವ್ ಮತ್ತು ಹೊರಬರುವ ವಾಲ್ವ್ ಎರಡನ್ನೂ ಮುಚ್ಚಿ. ಬೈಪಾಸ್ ಮುಚ್ಚಿದೆಯಾ ನೋಡಿ. ಪಂಪ್ ಹಾಕಿ ಯಾವುದಾದರೂ ಬಿಸಿನೀರಿನ ನಲ್ಲಿ ತೆರೆಯಿರಿ. ಎಲ್ಲ ಸರಿ ಇದ್ದರೆ ಪೈಪ್‌ನಲ್ಲಿ ಉಳಿದಿದ್ದ ಸ್ವಲ್ಪ ನೀರು ಬಂದು ನಿಲ್ಲಬೇಕು, ಯಾಕೆಂದರೆ ಬಿಸಿನೀರಿನ ಪೈಪ್‌ಗೆ ನೀರು ಬರೋಕೆ ಬೇರೆ ದಾರಿಯೇ ಇಲ್ಲ.

ನಿಲ್ಲಲಿಲ್ಲ. ಧಾರಾಳವಾಗಿ ಬರುತ್ತಲೇ ಇತ್ತು.

ನನ್ನ ಅನುಮಾನ ನೇರ ಬೈಪಾಸ್ ಮೇಲೆ ಹೋಯಿತು. ಹಿಡಿ ಮುಚ್ಚಿದ ಕಡೆ ತಿರುಗಿದ್ದರೂ ಒಳಗೆ ಪೂರ್ತಿ ಮುಚ್ಚಿಕೊಳ್ಳದ ಬೈಪಾಸ್ ವಾಲ್ವ್ ಇಂಥ ತಕರಾರಿಗೆ ತೀರಾ ಸಾಮಾನ್ಯ ಕಾರಣ. ಮಂಚದ ಕೆಳಗೆ ಮಲಗಿ, ಟಾರ್ಚ್ ಹಿಡಿದು, ಅದನ್ನು ಬಿಚ್ಚಿ ನೋಡೋಕೆ ಒಂದು ಗಂಟೆ ಕಳೆದೆ. ವಾಲ್ವ್ ಚೆನ್ನಾಗೇ ಇತ್ತು. ಇಲ್ಲಿ ನನ್ನದೇ ತಪ್ಪು. ಬಿಚ್ಚೋಕೆ ಮುಂಚೆ ಗಾಡಿಯಲ್ಲೇ ವಾಸ ಮಾಡುವವರನ್ನು ಇನ್ನೂ ಎರಡು ಪ್ರಶ್ನೆ ಕೇಳಬೇಕಿತ್ತು.

ಮಂಚದ ಕೆಳಗಿಂದ ಎದ್ದು ಬಂದಾಗ ಅಕ್ಕ ಹೇಳಿದರು: "ಅಡುಗೆ ಕಡೆ ನಲ್ಲಿ ಪರವಾಗಿಲ್ಲಪ್ಪ, ಬಚ್ಚಲಲ್ಲೇ ಜಾಸ್ತಿ ತಣ್ಣಗೆ. ಇನ್ನೊಂದು, ಬಚ್ಚಲಲ್ಲಿ ತಣ್ಣೀರು ನಲ್ಲಿ ತಿರುಗಿಸಿದರೂ ಮೊದಲು ಬೆಚ್ಚಗೇ ಬರುತ್ತೆ." ಆಮೇಲೆ ಭಾವನ ಕಡೆ ತಿರುಗಿ, "ಇದನ್ನ ನಿಮಗೆ ಮೊದಲನೇ ವಾರವೇ ಹೇಳಿದ್ದೆ ರೀ" ಅಂದರು. ಬಿಸಿಲಿಗೆ ಪೈಪ್ ಕಾದಿರುತ್ತೆ ಅಂತ ಭಾವ ಅದನ್ನು ಅಲ್ಲಿಗೇ ಬಿಟ್ಟಿದ್ದರು.

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುವು ಇದೇ. ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರೋದು ಯಾವ ಎಲಿಮೆಂಟ್ ಕೆಟ್ಟರೂ ಆಗದ ಮಾತು, ಯಾವ ಬೋರ್ಡ್ ಕೆಟ್ಟರೂ ಆಗದ ಮಾತು. ಹೆಚ್ಚಾಗಿ ಎರಡು ಪೈಪ್ ಎಲ್ಲೋ ಕೂಡಿಕೊಂಡಿದ್ದರೆ ಹೀಗಾಗೋದು. ಅದೂ ಬಚ್ಚಲಿಗೆ ಹತ್ತಿರ, ಅಡುಗೆ ನಲ್ಲಿಗೆ ದೂರ.

ಬಚ್ಚಲಿನ ಗೋಡೆಯ ಆಚೆ ಬದಿಗೆ ಏನಿದೆ ಅಂತ ಮೂವರೂ ಹೊರಗೆ ಹೋಗಿ ನೋಡಿದೆವು. ಹೊರಗಿನ ಷವರ್‌ನ ಸಣ್ಣ ಪೆಟ್ಟಿಗೆ. ಬಾಗಿಲಿಗೆ ಬೀಗ. ಚಳಿಗಾಲದಿಂದ ಈಚೆಗೆ ಯಾರೂ ತೆರೆದಿರಲಿಲ್ಲ, ಕೀಲಿ ಹುಡುಕೋಕೇ ಹತ್ತು ನಿಮಿಷ ಆಯಿತು. ತೆರೆದರೆ ಒಳಗೆ ಜೇಡರ ಬಲೆ, ಸುರುಳಿ ಸುತ್ತಿಟ್ಟ ಕೊಳವೆ, ಕೆಂಪು ಗುರುತಿನ ನಲ್ಲಿ, ನೀಲಿ ಗುರುತಿನ ನಲ್ಲಿ. ಎರಡೂ ಪೂರ್ತಿ ತೆರೆದಿದ್ದವು. ಕೊಳವೆ ತುದಿಯಲ್ಲಿರುವ ಷವರ್ ಹಿಡಿಯ ಗುಂಡಿ ಮಾತ್ರ ಮುಚ್ಚಿತ್ತು.

ಚಳಿಗಾಲಕ್ಕೆ ನೀರು ಬಸಿದಾಗ ಭಾವ ಈ ಎರಡೂ ನಲ್ಲಿ ತೆರೆದು, ಹಿಡಿಯ ಗುಂಡಿ ಒತ್ತಿ ಸೋರಿಸಿ, ಆಮೇಲೆ ಗುಂಡಿಯನ್ನಷ್ಟೇ ಮುಚ್ಚಿ ಪೆಟ್ಟಿಗೆಗೆ ಬೀಗ ಹಾಕಿದ್ದರು. ಗುಂಡಿ ಮುಚ್ಚಿರೋದರಿಂದ ಹೊರಗೆ ಒಂದು ಹನಿ ಬೀಳೋದಿಲ್ಲ, ಯಾರಿಗೂ ಅನುಮಾನ ಬರೋದಿಲ್ಲ. ಆದರೆ ಒಳಗೆ ಬಿಸಿನೀರಿನ ಪೈಪೂ ತಣ್ಣೀರಿನ ಪೈಪೂ ಆ ಷವರ್ ಮೂಲಕ ಕೈ ಕೈ ಹಿಡಿದುಕೊಂಡಿವೆ. ಒಳಗೆ ಬಚ್ಚಲಲ್ಲಿ ಬಿಸಿನೀರು ಬಿಟ್ಟರೆ, ಟ್ಯಾಂಕ್ ದಾಟಿ ಬರುವ ನೀರಿಗಿಂತ ಈ ಹತ್ತಿರದ ದಾರಿಯಿಂದ ಬರುವ ತಣ್ಣೀರೇ ಜಾಸ್ತಿ.

ಅಕ್ಕ ಒಳಗೆ ಹೋಗಿ ಬಿಸಿನೀರಿನ ನಲ್ಲಿ ತೆರೆದು ನಿಂತರು. ಹೀಟರ್‌ನ ಎರಡೂ ವಾಲ್ವ್ ಇನ್ನೂ ಮುಚ್ಚೇ ಇದ್ದವು. ನಾನು ಹೊರಗೆ ಕೆಂಪು ನಲ್ಲಿ ತಿರುಗಿಸಿದೆ, ಆಮೇಲೆ ನೀಲಿ. ಒಳಗೆ ಬೆರಳು ಗಾತ್ರದ ಧಾರೆ ಎಳೆಯಾಯಿತು, ಎಳೆ ಹನಿಯಾಯಿತು, ಹನಿಯೂ ನಿಂತಿತು. "ನಿಂತೋಯ್ತು!" ಅಂತ ಅಕ್ಕ ಒಳಗಿಂದ ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಸುಟ್ಟ ಎಲಿಮೆಂಟ್‌ನ ಒಗಟೂ ಅಲ್ಲೇ ಬಿಡಿಸಿಕೊಂಡಿತು. ಅವತ್ತು ಬಚ್ಚಲಿನ ನಲ್ಲಿಯಲ್ಲಿ ಒಂದೇ ಸಮ ಬಂದ ನೀರು ಟ್ಯಾಂಕ್ ತುಂಬಿ ಬಂದದ್ದಲ್ಲ. ಹೊರಗಿನ ಷವರ್ ದಾರಿಯಿಂದ ಸುತ್ತಿಬಂದ ತಣ್ಣೀರು. ಟ್ಯಾಂಕ್ ಇನ್ನೂ ತುಂಬುತ್ತಲೇ ಇತ್ತು. ಲೆಕ್ಕ ಹಾಕಿದರೂ ಗೊತ್ತಾಗುತ್ತಿತ್ತು: ನಿಮಿಷಕ್ಕೆ 10 ಲೀಟರ್ ತಳ್ಳುವ ಪಂಪ್‌ಗೆ 23 ಲೀಟರ್ ತುಂಬಿಸೋಕೆ ಎರಡು ನಿಮಿಷಕ್ಕಿಂತ ಜಾಸ್ತಿ ಬೇಕೇ ಬೇಕು. ಅರ್ಧ ನಿಮಿಷದಲ್ಲಿ ತುಂಬಿದರೆ ಅನುಮಾನ ಪಡಬೇಕು.

ಆರಿಹೋಗುವ ಬೆಂಕಿ

ಇದು ಬೇರೆಯೇ ತೊಂದರೆ, ಷವರ್‌ಗೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಮಾಡೋದು, ಪ್ರತಿ ಸಲ ಬೆಂಕಿ ಹಚ್ಚಿ ನೋಡೋದು ಅಂತ ಮೊದಲೇ ನಿರ್ಧರಿಸಿದೆವು. ಎರಡು ಮೂರು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ವಾಸಿ ಆಯಿತು ಅಂತ ಗೊತ್ತಾಗೋದಿಲ್ಲ.

ಕಿಡಿ ಹಾರುತ್ತಿತ್ತು, ಗ್ಯಾಸ್ ಬರುತ್ತಿತ್ತು, ಬೆಂಕಿ ಹತ್ತುತ್ತಿತ್ತು. ಅಂದರೆ ಬೆಂಕಿ ಇದ್ದರೂ ಅದು ಇದೆ ಅಂತ ಬೋರ್ಡ್‌ಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಗೋದು ಹೇಗೆ ಅಂದರೆ, ಉರಿಯುವ ಜ್ವಾಲೆ ಅಷ್ಟಿಷ್ಟು ಕರೆಂಟ್ ಹರಿಸುತ್ತೆ. ಜ್ವಾಲೆಗೆ ತಾಗಿರುವ ಲೋಹದ ಕಡ್ಡಿ, ಅಂದರೆ ಎಲೆಕ್ಟ್ರೋಡ್‌ನಿಂದ ಜ್ವಾಲೆಯ ಮೂಲಕ ಬರ್ನರ್‌ನ ಲೋಹಕ್ಕೆ, ಅಲ್ಲಿಂದ ಅರ್ಥ್ ವೈರ್ ಹಿಡಿದು ಬೋರ್ಡ್‌ಗೆ ವಾಪಸ್. ಇದು ಕೆಲವೇ ಮೈಕ್ರೋ ಆಂಪ್‌ಗಳ ಮಾತು. ದಾರಿಯಲ್ಲಿ ಒಂದು ಪದರ ತುಕ್ಕು ಇದ್ದರೂ ಸಾಕು, ಬೋರ್ಡ್ ಬೆಂಕಿ ಇಲ್ಲ ಅಂದುಕೊಂಡು ಗ್ಯಾಸ್ ನಿಲ್ಲಿಸಿಬಿಡುತ್ತೆ. ನಿಲ್ಲಿಸೋದೂ ಸರಿಯೇ, ಉರಿಯದ ಗ್ಯಾಸ್ ಸುಮ್ನೆ ಹೊರಗೆ ಬರೋದು ಅಪಾಯ.

ಅರ್ಥ್ ವೈರ್ ಕೂರುವ ಸ್ಕ್ರೂ ಬಿಚ್ಚಿದೆವು. ಕೆಳಗೆ ಕಂದು ಬಣ್ಣದ ತುಕ್ಕು. ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೂ ಉಜ್ಜಿ, ವೈರಿನ ತುದಿಯನ್ನೂ ಉಜ್ಜಿ, ಬಿಗಿ ಮಾಡಿ ಗ್ಯಾಸ್ ಹಾಕಿದರೆ ಬೆಂಕಿ ನಿಂತಿತು. ಐದು ಸಲ ಆರಿಸಿ ಹಚ್ಚಿ ನೋಡಿದೆವು, ಐದೂ ಸಲ ನಿಂತಿತು. ಹೊಸ ಬೋರ್ಡ್ ಎರಡು ದಿನ ಯಾಕೆ ಕೆಲಸ ಮಾಡಿತ್ತು ಅನ್ನೋದೂ ಆಗ ತಿಳಿಯಿತು. ಬೋರ್ಡ್ ಬದಲಿಸುವಾಗ ಭಾವ ಇದೇ ಸ್ಕ್ರೂ ಬಿಚ್ಚಿ ಮತ್ತೆ ಬಿಗಿ ಮಾಡಿದ್ದರು. ತಿರುಗಿಸುವಾಗ ತುಕ್ಕು ಸ್ವಲ್ಪ ಕೆರೆದುಹೋಗಿ ಎರಡು ದಿನದ ಮಟ್ಟಿಗೆ ಸಂಪರ್ಕ ಸಿಕ್ಕಿತ್ತು. ವಾಸಿ ಮಾಡಿದ್ದು ಸ್ಕ್ರೂ, ಹೆಸರು ಬಂದಿದ್ದು ಬೋರ್ಡ್‌ಗೆ.

ಬೆಂಕಿ ನಿಂತರೂ ಅದರ ಬಣ್ಣ ಸರಿ ಇರಲಿಲ್ಲ. ಹಳದಿಯಾಗಿ, ಸೋಮಾರಿಯಾಗಿ ಓಲಾಡುತ್ತಿತ್ತು, ಹೊಗೆ ಬಾಯಿಯ ಸುತ್ತ ಮಸಿ ಕಟ್ಟಿತ್ತು. ಇದನ್ನು ಬಿಡಬಾರದು. ಹಳದಿ ಬೆಂಕಿ ಅಂದರೆ ಗಾಳಿ ಸಾಲುತ್ತಿಲ್ಲ, ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ, ಕಾರ್ಬನ್ ಮಾನಾಕ್ಸೈಡ್ ಜಾಸ್ತಿ ಬರುತ್ತಿದೆ ಅಂತ. ಗ್ಯಾಸ್ ಸಿಲಿಂಡರ್ ಮುಚ್ಚಿ, ಬರ್ನರ್ ಕೊಳವೆ ತೆಗೆದು ನೋಡಿದರೆ ಒಳಗೆ ಕಣಜ ಕಟ್ಟಿದ ಮಣ್ಣಿನ ಗೂಡು, ಅದರ ಹಿಂದೆ ಜೇಡರ ಬಲೆ. ನಿಂತ ಗಾಡಿಯಲ್ಲಿ ಇದು ತೀರಾ ಸಾಮಾನ್ಯ. ಬ್ರಷ್ ಹಾಕಿ ತೆಗೆದು, ಊದಿ ಶುಚಿ ಮಾಡಿದೆವು. ಗ್ಯಾಸ್ ಬರುವ ಸಣ್ಣ ತೂತಿಗೆ ಭಾವ ಸೂಜಿ ಹಾಕಲು ಹೋದರು, ತಡೆದೆ. ಆ ತೂತಿನ ಅಳತೆ ಕೂದಲೆಳೆಯಷ್ಟು ಬದಲಾದರೂ ಬೆಂಕಿಯ ಲೆಕ್ಕ ತಪ್ಪುತ್ತೆ. ಅದನ್ನು ಆಲ್ಕೋಹಾಲ್‌ನಲ್ಲಿ ನೆನೆಸಿ ಒಣಗಿಸಿದರೆ ಸಾಕು. ಮತ್ತೆ ಜೋಡಿಸಿ, ಬಿಚ್ಚಿದ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ಅಂತ ನೋಡಿದ ಮೇಲೆಯೇ ಬೆಂಕಿ ಹಚ್ಚಿದೆವು. ಈ ಸಲ ನೀಲಿ, ಒಂದೇ ಸಮನಾದ ಮೊರೆತ.

ತೊಟ್ಟಿಕ್ಕುವ ವಾಲ್ವ್

ಭಾವ ಬದಲಿಸಿದ ಹಳೇ ರಿಲೀಫ್ ವಾಲ್ವ್‌ನಲ್ಲೂ ಏನೂ ದೋಷ ಇರಲಿಲ್ಲ ಅಂತ ನನ್ನ ನಂಬಿಕೆ. ಕಾದಾಗ ನೀರು ಹಿಗ್ಗುತ್ತೆ. 23 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಹತ್ತಿರ ಹತ್ತಿರ 350 ಮಿಲಿಲೀಟರ್ ಹೆಚ್ಚುತ್ತೆ, ಒಂದು ದೊಡ್ಡ ಲೋಟದಷ್ಟು. ನಲ್ಲಿಗಳೆಲ್ಲ ಮುಚ್ಚಿದ್ದರೆ ಈ ಲೋಟದಷ್ಟು ನೀರಿಗೆ ಜಾಗ ಎಲ್ಲಿ? ಟ್ಯಾಂಕ್ ಮೇಲ್ಭಾಗದಲ್ಲಿ ಸ್ವಲ್ಪ ಗಾಳಿ ಉಳಿದಿರಬೇಕು, ಆ ಗಾಳಿ ಕುಗ್ಗಿ ಜಾಗ ಮಾಡಿಕೊಡುತ್ತೆ. ದಿನ ಕಳೆದ ಹಾಗೆ ಆ ಗಾಳಿ ನೀರಿನಲ್ಲಿ ಕರಗಿ ಹೊರಟುಹೋಗುತ್ತೆ. ಆಮೇಲೆ ಒತ್ತಡ ಏರಿ ವಾಲ್ವ್ ತೊಟ್ಟಿಕ್ಕುತ್ತೆ. ಅದರ ಕೆಲಸವೇ ಅದು.

ಹೊಸ ವಾಲ್ವ್ ಹಾಕುವಾಗ ಟ್ಯಾಂಕ್ ಖಾಲಿ ಆಗಿತ್ತಲ್ಲ, ಮತ್ತೆ ತುಂಬುವಾಗ ಮೇಲೆ ಗಾಳಿ ಸೇರಿಕೊಂಡಿತ್ತು. ನಾಲ್ಕು ದಿನದ ನೆಮ್ಮದಿ ಆ ಗಾಳಿಯದು. ಬೋರ್ಡ್‌ನ ಕತೆಯೇ ಇಲ್ಲೂ ನಡೆದಿತ್ತು ನೋಡಿ. ಯಾವ ಭಾಗ ಬದಲಿಸಿದರೋ ಅದರಿಂದ ಅಲ್ಲ, ಬದಲಿಸುವ ದಾರಿಯಲ್ಲಿ ಮಾಡಿದ ಇನ್ನೊಂದು ಕೆಲಸದಿಂದ ಸ್ವಲ್ಪ ದಿನ ವಾಸಿ ಆಗಿತ್ತು. ಇದು ಗೊತ್ತಾಗದೆ, ಹೊಸ ಭಾಗವೂ ಕೆಟ್ಟಿತು, ಹೀಟರ್ ಎಲ್ಲವನ್ನೂ ತಿಂದುಹಾಕುತ್ತಿದೆ ಅನ್ನುವ ಭಯ ಹುಟ್ಟಿತ್ತು. ಒಂದು ಭಾಗ ಹಾಕಿ ಎರಡು ದಿನ ಸರಿಹೋಗಿ ಮತ್ತೆ ಕೆಟ್ಟರೆ, ಆ ಭಾಗ ಹಾಕುವಾಗ ಇನ್ನೇನೇನು ಬಿಚ್ಚಿದಿರಿ, ಏನೇನು ಅಲುಗಾಡಿತು ಅಂತ ಒಂದು ಚೀಟಿಯಲ್ಲಿ ಬರೆಯಿರಿ. ನಿಜವಾದ ಕಾರಣ ಹೆಚ್ಚಾಗಿ ಆ ಚೀಟಿಯಲ್ಲೇ ಇರುತ್ತೆ.

ಗಾಳಿ ಮತ್ತೆ ತುಂಬಿಸೋದು ಐದು ನಿಮಿಷದ ಕೆಲಸ. ಹೀಟರ್ ಆರಿಸಿ ನೀರು ಪೂರ್ತಿ ತಣ್ಣಗಾಗಲು ಬಿಡಿ. ಪಂಪ್ ಮತ್ತು ಹೊರಗಿನ ನೀರು ನಿಲ್ಲಿಸಿ. ಒಳಗೆ ಒಂದು ಬಿಸಿನೀರಿನ ನಲ್ಲಿ ತೆರೆಯಿರಿ. ಆಮೇಲೆ ರಿಲೀಫ್ ವಾಲ್ವ್ ಹಿಡಿ ಎತ್ತಿ, ನೀರು ಬರೋದು ನಿಲ್ಲುವವರೆಗೂ ಹಿಡಿದಿರಿ. ಹಿಡಿ ಬಿಟ್ಟು, ನಲ್ಲಿ ಮುಚ್ಚಿ, ಪಂಪ್ ಹಾಕಿ. ಇಷ್ಟು ಮಾಡಿದ ಮೇಲೂ, ನೀರು ತಣ್ಣಗಿದ್ದಾಗಲೂ ಹನಿ ಬೀಳುತ್ತಲೇ ಇದ್ದರೆ ಮಾತ್ರ ವಾಲ್ವ್ ಬದಲಿಸುವ ಯೋಚನೆ ಮಾಡಿ.

ವಾಸನೆ, ಆನೋಡ್, ಎಲಿಮೆಂಟ್

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಒತ್ತಡ ಇಳಿಸಿ, ನೀರು ತಣ್ಣಗಾದ ಮೇಲೆ 27 ಮಿಲಿಮೀಟರ್ ಸಾಕೆಟ್ ಹಾಕಿ ಆನೋಡ್ ರಾಡ್ ಬಿಚ್ಚಿದೆವು. ಹೆಬ್ಬೆರಳು ದಪ್ಪ ಇರಬೇಕಾದದ್ದು ಬರೀ ನಡುವಿನ ತಂತಿ, ಅದಕ್ಕೆ ಅಲ್ಲಲ್ಲಿ ಅಂಟಿಕೊಂಡ ಬೂದು ಚೂರುಗಳು. ಮುಕ್ಕಾಲು ಪಾಲು ಸವೆದಾಗಲೇ ಬದಲಿಸಬೇಕಾದ್ದು ಅದು. ತಾನು ಸವೆದು ಟ್ಯಾಂಕ್ ಉಳಿಸೋದೇ ಆನೋಡ್‌ನ ಕೆಲಸ. ಅದು ಮುಗಿದರೆ ತುಕ್ಕು ಟ್ಯಾಂಕ್‌ಗೇ ಹಿಡಿಯುತ್ತೆ. ಇಡೀ ಹೀಟರ್‌ನಲ್ಲಿ ನಿಜವಾಗಿ ಆಯಸ್ಸು ಮುಗಿದಿದ್ದ ಭಾಗ ಇದೊಂದೇ, ಇದನ್ನೊಂದನ್ನೇ ಯಾರೂ ನೋಡಿರಲಿಲ್ಲ. ಆ ತೂತಿನಿಂದ ಸುಣ್ಣದ ಬಿಳಿ ಚೂರು ಬಕೆಟ್ ತಳ ಮುಚ್ಚುವಷ್ಟು ಸುರಿಯಿತು. ಉದ್ದ ಮೂತಿಯ ಕೊಳವೆ ಒಳಗೆ ಬಿಟ್ಟು, ತಿಳಿನೀರು ಬರುವವರೆಗೂ ತೊಳೆದೆವು.

ಕೊಳೆತ ಮೊಟ್ಟೆ ವಾಸನೆ ಹೈಡ್ರೋಜನ್ ಸಲ್ಫೈಡ್‌ದು. ನೀರಿನಲ್ಲಿರುವ ಸಲ್ಫೇಟನ್ನು ಒಂದು ಬಗೆಯ ಬ್ಯಾಕ್ಟೀರಿಯಾ ಹೀಗೆ ಬದಲಿಸುತ್ತೆ, ಮೆಗ್ನೀಸಿಯಂ ರಾಡ್ ಅದಕ್ಕೆ ಅನುಕೂಲ ಮಾಡಿಕೊಡುತ್ತೆ. ಇದಕ್ಕೆ 60 ಲೀಟರ್ ನೀರಿಗೆ 60 ಮಿಲಿಲೀಟರ್ ಲೆಕ್ಕದಲ್ಲಿ ಸುವಾಸನೆ ಹಾಕಿರದ ಸಾದಾ ಬ್ಲೀಚ್ ಬೆರೆಸಿ, ಎಲ್ಲ ಪೈಪ್‌ಗಳಿಗೂ ಹರಿಸಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ವಾಸನೆ ಹೋಗುವವರೆಗೂ ತೊಳೆದೆವು. ಉಳಿದ ಸುಣ್ಣಕ್ಕೆ ವಿನೆಗರ್ ಕೂಡ ಅವತ್ತೇ ಹಾಕಿಬಿಡೋಣ ಅಂತ ಭಾವ ಅಂದರು. ಬೇಡ ಅಂದೆ. ಬ್ಲೀಚೂ ವಿನೆಗರೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತೆ, ಮುಚ್ಚಿದ ಗಾಡಿಯಲ್ಲಿ ಅದು ಉಸಿರಿಗೇ ಕುತ್ತು. ಎರಡರ ನಡುವೆ ಪೂರ್ತಿ ತೊಳೆದಿರಬೇಕು, ಬೇರೆ ದಿನವೇ ಮಾಡೋದು ಇನ್ನೂ ಒಳ್ಳೆಯದು.

ಎಲಿಮೆಂಟ್‌ಗೆ ಹೊರಗಿನ ಕರೆಂಟ್ ಪ್ಲಗ್ ಕಿತ್ತಿಟ್ಟ ಮೇಲೆ ಮಲ್ಟಿಮೀಟರ್ ಹಿಡಿದೆ. 120 ವೋಲ್ಟ್‌ನ 1,440 ವ್ಯಾಟ್ ಎಲಿಮೆಂಟ್ 10 ಓಮ್ ಹತ್ತಿರ ತೋರಿಸಬೇಕು. 230 ವೋಲ್ಟ್ ಇರುವ ಕಡೆ ಲೆಕ್ಕ ಬೇರೆ. ಇದು ಏನನ್ನೂ ತೋರಿಸಲಿಲ್ಲ, ಒಳಗೆ ತುಂಡಾಗಿತ್ತು. ಹೊಸದು ಹಾಕಿ, ನೀರು ತುಂಬುವಾಗ ಈ ಸಲ ಗಡಿಯಾರ ನೋಡುತ್ತಾ ನಿಂತೆವು. ನಲ್ಲಿ ಬುಸುಗುಟ್ಟಿ, ಕೆಮ್ಮಿ, ಎರಡೂವರೆ ನಿಮಿಷದ ಮೇಲೆ ಒಂದೇ ಸಮ ಆಯಿತು. ಇನ್ನೂ ಒಂದು ನಿಮಿಷ ಬಿಟ್ಟೇ ಸ್ವಿಚ್ ಹಾಕಿದ್ದು.

ಆಮೇಲೆ

ಕರೆಂಟಿನಲ್ಲಿ 50 ನಿಮಿಷಕ್ಕೆ ಷವರ್ ನೀರು 58 ಡಿಗ್ರಿ ಮುಟ್ಟಿತು. ಅಷ್ಟು ಬಿಸಿ ನೀರು ಮೈ ಸುಡುತ್ತೆ, ಬೆರೆಸಿಕೊಂಡೇ ಸ್ನಾನ ಮಾಡಬೇಕು ಅಂತ ಇಬ್ಬರಿಗೂ ನೆನಪಿಸಿದೆ, ಐದು ವಾರ ಉಗುರುಬೆಚ್ಚಗಿನ ನೀರಿಗೆ ಒಗ್ಗಿಹೋಗಿದ್ದರಲ್ಲ. ಗ್ಯಾಸ್‌ನಲ್ಲಿ ಹೆಚ್ಚುಕಮ್ಮಿ ಅರ್ಧ ಹೊತ್ತು ಸಾಕಾಯಿತು. ಹೊಸ ಹೀಟರ್ ತರೋ ಮಾತು ಅಲ್ಲಿಗೆ ನಿಂತಿತು. ಹಳೇ ಬೋರ್ಡನ್ನು ಹಾಕಿ ನೋಡಿದರೆ ಅದೂ ಚೆನ್ನಾಗೇ ನಡೆಯಿತು, ಈಗ ಅದು ಗಾಡಿಯಲ್ಲಿ ಸ್ಪೇರ್ ಆಗಿದೆ. ಮೊದಲಿನಿಂದ ಸರಿಯಾಗಿ ಹೋಗಿದ್ದರೆ ಕೊಳ್ಳಬೇಕಾಗಿದ್ದದ್ದು ಒಂದು ಆನೋಡ್ ರಾಡ್ ಮಾತ್ರ.

ಭಾವನಿಗೆ ಬೇಜಾರಾಗಿತ್ತು, ನನ್ನಿಂದಲೇ ಇಷ್ಟೆಲ್ಲ ಆಯಿತು ಅಂತ. ಎರಡು ನಲ್ಲಿ ಮುಚ್ಚೋದು ಮರೆಯೋದು ಯಾರಿಗಾದರೂ ಆಗುತ್ತೆ. ಹೊರಗೆ ಒಂದು ಹನಿಯೂ ಬೀಳದ ತಪ್ಪು ಅದು, ಕಣ್ಣಿಗೆ ಕಾಣೋದೇ ಇಲ್ಲ. ನನಗೆ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ತಣ್ಣೀರು ಬೆಚ್ಚಗೆ ಬರುತ್ತೆ ಅಂತ ಅಕ್ಕ ಮೊದಲನೇ ವಾರವೇ ಹೇಳಿದ್ದರು. ದಿನಾ ನಲ್ಲಿ ತಿರುಗಿಸುವ ಕೈ ಹೇಳಿದ್ದನ್ನು ಆಗಲೇ ಕೇಳಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ. ನಾನೂ ಅದನ್ನು ಕೇಳಿದ್ದು ಬೈಪಾಸ್ ಬಿಚ್ಚಿ ಆದ ಮೇಲೆಯೇ.

ಮೂರು ತಿಂಗಳ ಮೇಲೆ ರಿಲೀಫ್ ವಾಲ್ವ್ ಮತ್ತೆ ತೊಟ್ಟಿಕ್ಕಿತಂತೆ. ಅಕ್ಕನೇ ಹೀಟರ್ ಆರಿಸಿ, ತಣ್ಣಗಾಗಲು ಬಿಟ್ಟು, ಹಿಡಿ ಎತ್ತಿ ಗಾಳಿ ತುಂಬಿಸಿ, ಆಮೇಲೆ ನನಗೆ ಫೋನ್ ಮಾಡಿ ಹೇಳಿದರು. ಹೊರಗಿನ ಷವರ್‌ನ ಕೆಂಪು ನಲ್ಲಿಯ ವಾಷರ್ ಸವೆದಿದೆ, ಪೂರ್ತಿ ಮುಚ್ಚಿದರೂ ಸಣ್ಣಗೆ ಜಿನುಗುತ್ತೆ. ಮುಂದಿನ ಚಳಿಗೆ ನೀರು ಬಸಿಯೋಕೆ ಮುಂಚೆ ಅದನ್ನು ಬದಲಿಸಬೇಕು ಅಂತ ಭಾವ ಅಳತೆ ತೆಗೆದಿಟ್ಟಿದ್ದಾರೆ.